ಕಿವಿ ಮುಚ್ಚಿಕೊಂಡು ಕೊಂಡ ಸಬ್‌ವೂಫರ್

ಕಿವಿ ಕೇಳಿಸದ ಹೆಂಡತಿಗಾಗಿ ಸಬ್‌ವೂಫರ್ ಕೊಳ್ಳಲು ಹೊರಟ ಗಂಡ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ ಇದ್ದಾನೆ. ಆತ ಉಗಾರ ಬುದ್ರುಕದಲ್ಲಿ ಕಬ್ಬು ಬೆಳೆಯುತ್ತಾನೆ. ನನ್ನ ದುರ್ದೈವಕ್ಕೆ ನನ್ನ ಸೋದರಮಾವನೂ ಆಗಿದ್ದಾನೆ! ಬೇರೆಯವರ ಮಾವಂದಿರು ಅಳಿಯನಿಗೆ ಹೊಲ ತೋರಿಸುತ್ತಾರೆ, ಹುಡುಗಿ ತೋರಿಸುತ್ತಾರೆ. ನಮ್ಮ ಮಾಮಾ ನನಗೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನು ತೋರಿಸಿದ. ಅವುಗಳಲ್ಲಿ ಎರಡಕ್ಕೆ ನಾನು ಇನ್ನು ಮುಖ ತೋರಿಸುವಂತಿಲ್ಲ.

ಮೊದಲು ಅತ್ತಿಯ ವಿಷಯ ಹೇಳಿಬಿಡುತ್ತೇನೆ. ಅತ್ತಿ ಎಂದರೆ ಮಾಮಾನ ಹೆಂಡತಿ. ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಟಿ.ವಿ. ಮುಂದೆ ಕೂತು ಸಿನಿಮಾ ನೋಡುವುದು ಆ ಮನೆಯ ಪದ್ಧತಿ. ಒಂದು ವಾರ ಕನ್ನಡ, ಒಂದು ವಾರ ಮರಾಠಿ, ಯಾರಿಗೂ ಅನ್ಯಾಯವಿಲ್ಲ. ಅತ್ತಿ ಹಾಡು ಬಂದರೆ ತಾನೂ ಹಾಡುವಳು, ಖಳನಾಯಕ ಬಂದರೆ ಬೈಯುವಳು, ಮುಂದೆ ಏನಾಗುತ್ತದೆಂದು ಐದು ನಿಮಿಷ ಮೊದಲೇ ಹೇಳಿಬಿಡುವಳು. ನಮಗೆಲ್ಲ ಅದು ಕಿರಿಕಿರಿ. ಮಾಮಾನಿಗೆ ಮಾತ್ರ ಅದೇ ಸಿನಿಮಾ! ಆತ ಪರದೆ ನೋಡುತ್ತಿದ್ದನೋ ಹೆಂಡತಿಯ ಬಾಯಿ ನೋಡುತ್ತಿದ್ದನೋ ದೇವರಿಗೇ ಗೊತ್ತು.

ಎರಡು ವರ್ಷದ ಹಿಂದೆ ಅತ್ತಿಯ ಕಿವಿ ಕೈಕೊಟ್ಟಿತು. ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಮುಕ್ಕಾಲು. ಬಲಗಡೆ ಹೋಗಿ ಒದರಿದರೆ ಒಂದೆರಡು ಮಾತು ತಲುಪುತ್ತವೆ, ಉಳಿದದ್ದಕ್ಕೆಲ್ಲ ಕೈಸನ್ನೆ. ಮಿರಜಿನ ಡಾಕ್ಟರರು ಕಿವಿಯ ಮಷೀನು ಕೊಟ್ಟರು. ಅತ್ತಿ ಅದನ್ನು ಹಾಕಿಕೊಂಡದ್ದು ಒಂದೇ ದಿನ. "ಕುಕ್ಕರಿನ ಸೀಟಿ ತಲಿಯೊಳಗ ಹೊಡದಂಗ ಆಗತೈತಿ" ಎಂದು ತೆಗೆದವಳು ಅದನ್ನು ತಿಜೋರಿಯಲ್ಲಿ ಬಂಗಾರದ ಬೆಂಡೋಲೆಯ ಪಕ್ಕ ಇಟ್ಟಳು. ಯಾಕೆ ಎಂದು ಕೇಳಿದರೆ, "ಎರಡೂ ಕಿವೀವ ಅಲ್ಲ? ಅದಕ್ಕ ಜೋಡಿ ಇಟ್ಟೀನಿ" ಎಂದಳು. ಇಂಥ ತರ್ಕಕ್ಕೆ ಯಾವ ಡಾಕ್ಟರು ಉತ್ತರ ಕೊಡಬೇಕು?

ಅಂದಿನಿಂದ ಭಾನುವಾರ ಮಧ್ಯಾಹ್ನ ಅತ್ತಿ ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕೂಡುತ್ತಾಳೆ. "ಬಾಯಿ ತಗದು ಮುಚ್ಚೂದು ನೋಡಾಕ ನಾ ಯಾಕ ಬರಲಿ?" ಎನ್ನುತ್ತಾಳೆ. ಮಾಮಾ ಒಬ್ಬನೇ ಟಿ.ವಿ. ಮುಂದೆ ಕೂಡುತ್ತಾನೆ.

"ಆಕಿ ಬಾಜೂಕ ಇಲ್ಲಂದ್ರ ಯಾರು ಕಳ್ಳ, ಯಾರು ಪೊಲೀಸ ನನಗ ತಿಳಿಯಂಗಿಲ್ಲೋ ಅಳಿಯಾ" ಎಂದು ಒಮ್ಮೆ ನನ್ನ ಮುಂದೆ ಹೇಳಿದ. ನಾನು ನಕ್ಕೆ. ಆತ ನಗಲಿಲ್ಲ.

ಸಬ್‌ವೂಫರಿನ ಹುಚ್ಚು ಹಿಡಿಸಿದ್ದು ಕಬ್ಬಿನ ಟ್ರ್ಯಾಕ್ಟರ್. ಹಂಗಾಮಿನಲ್ಲಿ ನಮ್ಮ ಕಡೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಬ್ಬು ಎಳೆಯುತ್ತವೆ, ಅದರ ಮೂರುಪಟ್ಟು ಸದ್ದನ್ನೂ ಎಳೆಯುತ್ತವೆ. ಡ್ರೈವರ್ ಸೀಟಿನ ಹಿಂದೆ ಅವನಿಗಿಂತ ದೊಡ್ಡ ಸಬ್‌ವೂಫರ್, ಎದೆಗೇ ಗುದ್ದುವಂಥ ಸ್ಪೀಕರ್, ಕೂತಿರುತ್ತದೆ. ಅಂಥದೊಂದು ಮಾಮಾನ ಮನೆಯ ಮುಂದೆ ಹಾದಾಗ ಗೋಡೆ ನಡುಗಿತು, ಗೋಡೆಯ ಗೂಡಿನಲ್ಲಿದ್ದ ಊಟದ ಗಂಗಾಳ ಜಾರಿತು. ಒಳಗಿನಿಂದ ಅತ್ತಿ ಬಂದವಳೇ, "ಏನ್ರಿ, ಯಾವ ಹಾಡು ಹಚ್ಯಾನ ಅಂವಾ?" ಎಂದು ಕೇಳಿದಳು.

ಅಷ್ಟೇ! ಮಾಮಾ ಮರುದಿನವೇ ಚಿಕ್ಕೋಡಿಗೆ, ನನ್ನ ಆಫೀಸಿಗೆ ಬಂದ.

"ಅಳಿಯಾ, ಆಕಿಗೆ ಹಾಡು ಕೇಳತೈತಿ! ಕಿವೀಲೆ ಅಲ್ಲ, ಎದೀಲೆ! ಒಂದು ವೂಫರ್ ತರೂಣು. ಆದ್ರ ನೋಡಾಕ ಭಾಳ ಚಂದ ಇರಬೇಕು."

"ನೋಡಾಕ ಯಾಕ ಚಂದ ಇರಬೇಕು ಮಾಮಾ? ಅದು ಕೇಳೂದಲ್ಲ?"

"ಮಂಗ್ಯಾ! ಆಕಿಗೆ ಕೇಳಂಗಿಲ್ಲ. ಕಾಣತೈತಲ್ಲ?"

ನಾನು ರಜೆ ಚೀಟಿ ಬರೆದಿಟ್ಟು ಹೊರಟೆ. ಅಲ್ಲದೆ ಅತ್ತಿಯ ಕಾನೂನು ನನಗೂ ಗೊತ್ತಿತ್ತು: ಚಂದ ಇಲ್ಲದ ಯಾವ ವಸ್ತುವಿಗೂ ಆಕೆಯ ಪಡಸಾಲೆಯಲ್ಲಿ ಜಾಗವಿಲ್ಲ. ಕೂಲರ್ ಚಂದ ಇಲ್ಲವೆಂದು ಕೊಟ್ಟಿಗೆಗೆ ಹೋಗಿದೆ. ಎಮ್ಮೆ ಇಡೀ ಬೇಸಿಗೆ ತಣ್ಣಗೆ ಮಲಗಿರುತ್ತದೆ, ಮಾಮಾ ಬೆವರುತ್ತಿರುತ್ತಾನೆ.

ಮೊದಲು ಚಿಕ್ಕೋಡಿಯ ಅಂಗಡಿ. ನಾನು ಇಂಟರ್ನೆಟ್ಟಿನಲ್ಲಿ ನಾಲ್ಕು ವಿಡಿಯೋ ನೋಡಿ ಪಂಡಿತನಾಗಿದ್ದೆ. ವ್ಯಾಟ್ ಎಷ್ಟು, ಇಂಚು ಎಷ್ಟು ಎಂದು ಗಂಭೀರವಾಗಿ ವಿಚಾರಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಟಕ್ ಟಕ್ ಎಂದು ಸದ್ದು. ನೋಡಿದರೆ ಮಾಮಾ ಬಗ್ಗಿ, ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುವಂತೆ ಒಂದೊಂದೇ ಪೆಟ್ಟಿಗೆಯನ್ನು ಬೆರಳಿನ ಗಿಣ್ಣಿನಿಂದ ಬಡಿಯುತ್ತಿದ್ದಾನೆ!

"ಕಾಕಾ, ಬಡೀಬ್ಯಾಡ್ರಿ! ಹಚ್ಚಿ ತೋರಸ್ತೀನಿ" ಎಂದು ಅಂಗಡಿಯವ ಓಡಿಬಂದು ಹಾಡು ಹಾಕಿದ. ಮಾಮಾ ಜೇಬಿನಿಂದ ಎರಡು ಉಂಡೆ ಹತ್ತಿ ತೆಗೆದು, ಎರಡೂ ಕಿವಿಗೆ ತುರುಕಿಕೊಂಡು, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ. ಅಂಗಡಿಗೆ ಬಂದವರೆಲ್ಲ ಸುತ್ತ ನೆರೆದರು.

"ಕಾಕಾ, ಹತ್ತಿ ಯಾಕ ಇಟಗೊಂಡ್ರಿ?" ಅಂಗಡಿಯವ ಬಗ್ಗಿ ಒದರಿದ.

"ಹತ್ತಿ ತಗದ್ರ ಹಾಡು ಕೇಳತೈತಲ್ಲೋ ತಮ್ಮಾ!" ಎಂದು ಮಾಮಾ ಅವನಿಗಿಂತ ಜೋರಾಗಿ ಒದರಿದ.

ಅಂಗಡಿಯವ ನನ್ನ ಮುಖ ನೋಡಿದ. ನಾನು ಫ್ಯಾನಿನ ಬೆಲೆ ವಿಚಾರಿಸತೊಡಗಿದೆ. ಕೊನೆಗೆ ಆ ಪೆಟ್ಟಿಗೆಯೂ ನಪಾಸಾಯಿತು. ಹಾಡಿಗೆ ತಕ್ಕಂತೆ ಅದರಲ್ಲಿ ಕೆಂಪು, ಹಸಿರು ದೀಪ ಹತ್ತಿ ಆರುತ್ತಿದ್ದವು. "ಗಣಪತಿ ಕೂಡಸೂದೈತೇನು ಒಳಗ?" ಎಂದು ಕೇಳಿ ಮಾಮಾ ಹೊರಗೆ ನಡೆದ.

ಮುಂದೆ ನಿಪ್ಪಾಣಿ. ಅಲ್ಲಿ ಸಾಗವಾನಿ ಬಣ್ಣದ, ಚೊಕ್ಕವಾದ ಪೆಟ್ಟಿಗೆಯೊಂದಿತ್ತು. ನನಗೆ ಮೆಚ್ಚುಗೆಯಾಯಿತು. ಮಾಮಾ ಜೇಬಿಗೆ ಕೈ ಹಾಕಿದ. ದುಡ್ಡು ಬಂತೆಂದು ಅಂಗಡಿಯವನ ಮುಖ ಅರಳಿತು. ಹೊರಗೆ ಬಂದದ್ದು ಪಡಸಾಲೆಯ ಪರದೆಯಿಂದ ಕತ್ತರಿಸಿ ತಂದ ಒಂದು ಬಟ್ಟೆಯ ತುಂಡು! ಅದನ್ನು ಪೆಟ್ಟಿಗೆಯ ಪಕ್ಕ ಹಿಡಿದು, ಅಂಗಡಿಯ ಬೆಳಕಿನಲ್ಲೊಮ್ಮೆ, ಬೀದಿಯ ಬಿಸಿಲಿನಲ್ಲೊಮ್ಮೆ ಹೊಂದಿಸಿ ನೋಡಿದ. ಪೆಟ್ಟಿಗೆಯನ್ನು ಬೀದಿಗೆ ಹೊತ್ತವನು ನಾನು ಎಂದು ಬೇರೆ ಹೇಳಬೇಕಿಲ್ಲ.

"ಇದನ್ನ ಹಿಂದಮುಂದ ತಿರಗಸು" ಎಂದ. ತಿರುಗಿಸಿದೆ. ಹಿಂದೆ ವೈರು, ತೂತು, ತಿರುಪು.

"ಹಿಂದ ಚಂದ ಇಲ್ಲ."

"ಹಿಂದ ಯಾರು ನೋಡ್ತಾರ ಮಾಮಾ?"

"ನಿಮ್ಮತ್ತಿ ಹಿಂದಿನ ಕಸಾನೂ ಹೊಡಿಯಾಕಿ. ಮೂಲ್ಯಾಗಿಂದ ಹೊರಗ ತಗದು ಹೊಡಿಯಾಕಿ."

ಆಮೇಲೆ ಆತ ನೆಲಕ್ಕೆ ಕೂತು ಪೆಟ್ಟಿಗೆಗೆ ಬೆನ್ನು ಆನಿಸಿ, ಕಾಲು ಚಾಚಿ, ಹಾಡು ಹಚ್ಚಲು ಹೇಳಿದ. ಬೆನ್ನಿಗೆ ಎಷ್ಟು ಮುಟ್ಟುತ್ತದೆಂಬ ಪರೀಕ್ಷೆ! ಅಂಗಡಿಯವ ಮರಾಠಿಯಲ್ಲಿ, "ಕಾಕಾ, ಹೀ ಖುರ್ಚೀ ನಾಹೀ!" ಎಂದು ಕೈಮುಗಿದ. ಖುರ್ಚಿ ಅಲ್ಲವೆಂದು ಮಾಮಾನಿಗೂ ಗೊತ್ತಿತ್ತು. ಆದರೂ ಇಡೀ ಹಾಡು ಮುಗಿಯುವವರೆಗೆ ಏಳಲಿಲ್ಲ. ಎದ್ದವನು, "ಬೆನ್ನಿಗೆ ಬರತೈತಿ, ಎದೀಗೆ ಬರವಲ್ದು" ಎಂದು ತೀರ್ಪು ಕೊಟ್ಟ. ನನಗೆ ಆ ಹೊತ್ತಿಗೆ ತಲೆನೋವು ಬಂದಿತ್ತು.

ಅಥಣಿಯಲ್ಲಿ ಗೆದ್ದೆವು. ಅಲ್ಲಿನ ಅಂಗಡಿಯವ ಪುಣ್ಯಾತ್ಮ, ಯಾವುದೋ ಯುದ್ಧದ ಸಿನಿಮಾ ಹಾಕಿದ. ಒಂದು ಬಾಂಬು ಬಿತ್ತು ನೋಡಿ, ಶೋಕೇಸಿನ ಗಾಜು ಗಡಗಡ ಎಂದಿತು, ಪಕ್ಕದ ಅಂಗಡಿಯ ಶೆಟ್ಟರು ಚಹಾದ ಕಪ್ಪಿನೊಂದಿಗೆ ರಸ್ತೆಗೆ ಬಂದರು. ಹತ್ತಿ ಇಟ್ಟುಕೊಂಡ ನಮ್ಮ ಮಾಮಾ ಎದೆಯ ಮೇಲೆ ಕೈಯಿಟ್ಟು, "ಬಂತ್ರಿ! ಬಂತ್ರಿ!" ಎಂದು ಕುಣಿದ. ಪೆಟ್ಟಿಗೆ ನೋಡಲೂ ಚಂದವಿತ್ತು: ಬೂದು ಬಟ್ಟೆಯ ಮುಖ, ದುಂಡಗಿನ ಮೂಲೆ, ಕರಿಮರದ ಮೈ, ಹಿಂದೆಯೂ ಮುಚ್ಚಳ. ಪರದೆಯ ತುಂಡಿಗೂ ಒಪ್ಪಿತು. ಅಥಣಿಯಿಂದ ಉಗಾರದವರೆಗೆ ಮೋಟರ್‌ಸೈಕಲ್ಲಿನ ಹಿಂದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ಯಾರು? ನಾನೇ! ಕಾಲು ಎರಡು ದಿನ ನನ್ನವಾಗಿರಲಿಲ್ಲ.

ಅತ್ತಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಮುಟ್ಟಿದಳು. ಮಾಮಾ ಉಸಿರು ಬಿಗಿಹಿಡಿದು ನಿಂತಿದ್ದ.

"ಚಂದ ಐತಿ. ಆದ್ರ ಕೂಡ್ರಾಕ ಜರಾ ಎತ್ತರ ಆತು" ಎಂದಳು.

ಅಂತೂ ಕೊಟ್ಟಿಗೆಗೆ ಹೋಗಲಿಲ್ಲವಲ್ಲ! ಮಾಮಾ ಆಕೆಯನ್ನು ಸೋಫಾದ ಮೇಲೆ ಕೂಡಿಸಿದ, ಸಿನಿಮಾ ಹಚ್ಚಿದ, ನನಗೆ ಕಣ್ಣು ಹೊಡೆದ. ಹಾಡು ಶುರುವಾಯಿತು. ನೆಲ ನಡುಗಿತು, ಸೋಫಾ ನಡುಗಿತು, ನಾನೂ ನಡುಗಿದೆ. ಅತ್ತಿಯ ಮುಖ ಬದಲಾಯಿತು. ಮೆಲ್ಲಗೆ ಎದೆಯ ಮೇಲೆ ಕೈಯಿಟ್ಟಳು. ಮಾಮಾನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಯಾಕೋ ಎದಿ ಧಡಧಡ ಅನ್ನಾಕತ್ತೈತ್ರಿ" ಎಂದಳು ಅತ್ತಿ. "ಮುಂಜಾನಿ ಬಿ.ಪಿ. ಗುಳಿಗಿ ತಗೊಂಡೆನೋ ಇಲ್ಲೋ!"

ಎದ್ದು ಒಳಗೆ ಹೋಗಿ ಗುಳಿಗೆ ನುಂಗಿ ಮಲಗಿಬಿಟ್ಟಳು. ಮಾಮಾ ಬಲಗಿವಿಯ ಹತ್ತಿರ ಹೋಗಿ ಎಷ್ಟು ಒದರಿ ತಿಳಿಸಿದರೂ ಆಕೆ ನಂಬಲಿಲ್ಲ. ಆ ಸೋಫಾದ ಮೇಲೆ ಕೂತರೆ ತನಗೆ ಜೀವಕ್ಕೆ ಆಗಿಬರುವುದಿಲ್ಲವೆಂದು ಮುಂದಿನ ಭಾನುವಾರ ಮತ್ತೆ ಹಿತ್ತಲಿಗೇ ಹೋದಳು. ಮೂರು ಊರು ಸುತ್ತಿ ಮಾಮಾ ಹೆಂಡತಿಗೆ ತಂದುಕೊಟ್ಟದ್ದು ಬಿ.ಪಿ.! ಆತ ವೂಫರಿನ ಗುಂಡಿ ಬಂದ್ ಮಾಡಿದ. ನಾನು ಊರಿಗೆ ಬಂದು ಸ್ನೇಹಿತರಿಗೆಲ್ಲ ಈ ಕಥೆ ಹೇಳಿ ನಗಿಸಿದೆ. ಚಹಾದ ದುಡ್ಡು ಅವರದೇ.

ಒಂದು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ನೋಡಿದರೆ ಅತ್ತಿ ಪಡಸಾಲೆಯಲ್ಲೇ ಕೂತಿದ್ದಾಳೆ! ಚಂದದ ಪೆಟ್ಟಿಗೆಯ ಮೇಲೆ ಜೋಳದ ಅಗಲ ತಟ್ಟೆ, ಪರಾತ, ಇಟ್ಟುಕೊಂಡು, ಟಿ.ವಿ.ಗೂ ಗಂಡನಿಗೂ ಬೆನ್ನು ಮಾಡಿ, ಮಣೆಯ ಮೇಲೆ ಕೂತು ಕಲ್ಲು, ಹಳ್ಳು ಆರಿಸುತ್ತಿದ್ದಾಳೆ. ಬಗ್ಗದೆ ಜೋಳ ಹಸನು ಮಾಡಲು ಅದು ಹೇಳಿ ಮಾಡಿಸಿದ ಎತ್ತರವಂತೆ. ಮಾಮಾ ಆಕೆಯ ಹಿಂದೆ, ಟಿ.ವಿ.ಯ ಹತ್ತಿರದ ಕುರ್ಚಿಯಲ್ಲಿ ಕೂತು ಸಪ್ಪಗೆ ಸಿನಿಮಾ ನೋಡುತ್ತಿದ್ದ.

"ಬಾಜೂಕಂತೂ ಬಂದಾಳಲ್ಲ ಮಾಮಾ" ಎಂದು ಚುಚ್ಚಿದೆ.

"ಬೆನ್ನ ಕಾಣತೈತಿ" ಎಂದ.

ತೊಡೆಯ ಮೇಲೆ ಹೊತ್ತು ತಂದವನು ನಾನು, ಅದು ಬರೀ ಜೋಳಕ್ಕಾಯಿತೇ ಎಂದು ನನಗೆ ಹೊಟ್ಟೆ ಉರಿಯಿತು. ರಿಮೋಟ್ ತೆಗೆದುಕೊಂಡು ವೂಫರಿನ ಗುಂಡಿ ಒತ್ತಿದೆ. ಅದೇ ಹೊತ್ತಿಗೆ ಸಿನಿಮಾ ನಿಂತು ಜಾಹೀರಾತು ಬಂತು. ಪಶು ಆಹಾರದ್ದು. ಡೋಲಿನ ಬಡಿತಕ್ಕೆ ಒಂದು ಎಮ್ಮೆ ಕುಣಿಯುತ್ತಿತ್ತು. ಧಂ ಧಂ ಧಧಂ! ಪರಾತದಲ್ಲಿ ಜೋಳ ಪುಟಪುಟ ಹಾರಿ ನೆಲಕ್ಕೆ ಚೆಲ್ಲತೊಡಗಿತು. ಅತ್ತಿ, "ಅಯ್ಯ! ಅಯ್ಯ!" ಎಂದು ಪರಾತ ಇಳಿಸಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

ಹಿಡಿದ ಕೈ ಹಾಗೇ ಉಳಿಯಿತು.

"ಏನ್ರಿ" ಎಂದಳು. ದನಿ ಬೇರೆಯಾಗಿತ್ತು. "ಇದು ರಾಯಬಾಗದ ಟಾಕೀಸಿನ್ಯಾಗ ನೋಡಿದ್ವಲ್ಲ, ಮದುವಿ ಆದ ವರ್ಷ, ಅಂವಾ ಸೈಕಲ್ ಹೊಡಕೋತ ಬರ್ತಾನಲ್ಲ, ಆ ಹಾಡು ಅಲ್ಲ?"

ನಾನು ಎಮ್ಮೆಯನ್ನು ನೋಡಿದೆ. "ಅತ್ತಿ, ಅದು..." ಎಂದು ಬಾಯಿ ತೆರೆದೆ. ಮಾಮಾ ನನ್ನ ಕಾಲು ತುಳಿದ. ಆಕೆಯ ಎದುರಿಗೆ ಹೋಗಿ ದೊಡ್ಡದಾಗಿ ತಲೆಯಾಡಿಸಿದ. ಹೌದು, ಅದೇ ಹಾಡು!

ಅತ್ತಿ ಕಣ್ಣು ಮುಚ್ಚಿದಳು. ಎರಡು ವರ್ಷದಿಂದ ಹಾಡದವಳು ಮೆಲ್ಲಗೆ ಹಾಡತೊಡಗಿದಳು. ಶ್ರುತಿ ಎಲ್ಲೋ, ದನಿ ಎಲ್ಲೋ. ನಾನು ರಿಮೋಟ್ ಹಿಡಿದು ಸದ್ದು ಇನ್ನಷ್ಟು ಏರಿಸಿದೆ.

ಜಾಹೀರಾತು ಎಷ್ಟು ಹೊತ್ತು ಇರುತ್ತದೆ? ಎಮ್ಮೆ ಹೋಯಿತು. ಮಂಡಿನೋವಿನ ಎಣ್ಣೆಯ ಬಗ್ಗೆ ಒಬ್ಬಾತ ಮೆತ್ತಗೆ ಮಾತಾಡತೊಡಗಿದ. ಪೆಟ್ಟಿಗೆ ತಣ್ಣಗಾಯಿತು. ಅತ್ತಿಯ ಹುಬ್ಬು ಗಂಟಿಕ್ಕಿತು, ಹಾಡು ಸಣ್ಣಗಾಯಿತು. ನಾನು ಗಾಬರಿಯಿಂದ ಮೊಬೈಲ್ ತೆಗೆದೆ.

"ಯಾವ ಹಾಡು ಮಾಮಾ? ಲಗೂ ಹೇಳು, ಹುಡಕಿ ಹಚ್ಚತೀನಿ!"

"ನನಗೇನು ಗೊತ್ತೋ? ಅವತ್ತ ನಾ ಸಿನಿಮಾ ಎಲ್ಲಿ ನೋಡಿದ್ನಿ? ಆಕೀನ್ನ ನೋಡಕೋತ ಕುಂತಿದ್ನಿ!"

ಹೇಳುತ್ತಲೇ ಆತ ಪೆಟ್ಟಿಗೆಯ ಆಚೆ ಬದಿಗೆ ನೆಲದ ಮೇಲೆ ಕೂತ. ಚಿಕ್ಕೋಡಿಯ ಅಂಗಡಿಯಲ್ಲಿ ಬೈಸಿಕೊಂಡ ಅದೇ ಗಿಣ್ಣುಗಳಿಂದ ಪೆಟ್ಟಿಗೆಯನ್ನು ಬಡಿಯತೊಡಗಿದ. ಧಂ ಧಂ ಧಧಂ. ಅತ್ತಿಯ ಹುಬ್ಬು ಸಡಿಲಾಯಿತು, ಹಾಡು ಮುಂದುವರಿಯಿತು. ನಾನು ಟಿ.ವಿ. ಆರಿಸಿದೆ.

ಹಾಡಿನ ನಡುವೆ ಅತ್ತಿ ಒಮ್ಮೆ ಕಣ್ಣು ತೆರೆದಳು. ಆರಿದ ಟಿ.ವಿ.ಯ ಕಡೆ ತಿರುಗಿ ನೋಡಿದಳು. ಬಡಿಯುತ್ತಿದ್ದ ಗಂಡನ ಕೈಯನ್ನೂ ನೋಡಿದಳು. ಮಾಮಾ ಕಳ್ಳನಂತೆ ತಲೆ ತಗ್ಗಿಸಿದ, ಕೈ ಮಾತ್ರ ನಿಲ್ಲಿಸಲಿಲ್ಲ.

"ಜರಾ ಸಾವಕಾಶ ಬಾರಸ್ರಿ" ಎಂದಳು ಅತ್ತಿ. ಮತ್ತೆ ಕಣ್ಣು ಮುಚ್ಚಿಕೊಂಡು ಹಾಡಿನ ಎರಡನೆಯ ನುಡಿ ಎತ್ತಿಕೊಂಡಳು.