ರೊಟ್ಟಿಬುಟ್ಟಿಯ ಹಿಂದಿನ ಫಿರಂಗಿ

ವಿನಯ, ಪಲ್ಲವಿ, ನಿಮ್ಮ ಅಜ್ಜಿ ಯಾರ ಜಗಳದಲ್ಲೂ ಬಾಯಿ ಹಾಕಿದವಳಲ್ಲ. ಬುಕ್ಕಸಾಗರದ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ ‘ಬಂದೀನ್ರಿ’ ಎನ್ನಲೂ ನಾಚಿ, ಪಕ್ಕದ ಹುಡುಗಿಯಿಂದ ಹೇಳಿಸುತ್ತಿದ್ದೆ. ಅವಳು ಬಾರದ ದಿನ ನಾನೂ ಗೈರುಹಾಜರಿ. ಅಂಥವಳು ಯುದ್ಧದ ಕಾನೂನು ಬರೆದಳೆಂದರೆ ನಿಮ್ಮ ಅಜ್ಜ ನಂಬುತ್ತಿರಲಿಲ್ಲ. ಇದ್ದಿದ್ದರೆ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ‘ಯಾರ ಕೈಲಿ ಬರೆಸಿದಿ?’ ಎಂದೇ ಕೇಳುತ್ತಿದ್ದರು.

ಆ ಆಟದ ಪೆಟ್ಟಿಗೆ ಬಂದದ್ದು ತೋರಣಗಲ್ಲಿನಿಂದ. ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಪಲ್ಲವಿಯ ಅಪ್ಪನಿಗೆ ಕೊಟ್ಟುಹೋಗಿದ್ದ. ಅದರೊಳಗೆ ಬೆರಳುದ್ದದ ಸೈನಿಕರು, ಫಿರಂಗಿಗಳು, ಕುದುರೆ ಏರಿದ ಇಬ್ಬರು ದಳಪತಿಗಳು, ಜೊತೆಗೊಂದು ಇಂಗ್ಲಿಷ್ ಪುಸ್ತಕ. ಒಂದು ಸೈನ್ಯ ನೀಲಿ, ಇನ್ನೊಂದು ಬಿಳಿ. ರಜೆಗೆಂದು ಪಲ್ಲವಿ ಸಂಡೂರಿನಿಂದ ನಮ್ಮ ಹೊಸಪೇಟೆ ಮನೆಗೆ ಬಂದಾಗ ನೀವಿಬ್ಬರೂ ರಸ್ತೆ ಕಡೆಯ ಕಿಟಕಿ ತೆರೆದಿಟ್ಟುಕೊಂಡು ಆಡಿದಿರಿ. ಹಗಲೆಲ್ಲ ಅದಿರಿನ ಲಾರಿಗಳು ಕೆಂಪು ದೂಳೆಬ್ಬಿಸಿ ಓಡಿದವು. ಸಂಜೆಗೆ ಎರಡೂ ಸೈನ್ಯ ಕೆಂಪಾಗಿ, ಯಾರು ಯಾರ ಕಡೆಯವರೆಂದು ತಿಳಿಯದೆ, ನಾನು ಒದ್ದೆ ಬಟ್ಟೆ ಹಿಡಿದು ಒಬ್ಬೊಬ್ಬನ ಮೈ ಒರೆಸಿ ಕೊಡಬೇಕಾಯಿತು. ಯುದ್ಧಭೂಮಿಯಲ್ಲಿ ನನಗೆ ಸಿಕ್ಕ ಮೊದಲ ಹುದ್ದೆ ಅದೇ.

ಜಗಳ ಹುಟ್ಟಿದ್ದು ಮರುದಿನ, ನನ್ನ ರೊಟ್ಟಿಬುಟ್ಟಿಯಿಂದ. ಜಮಖಾನೆಯ ಮೇಲೆ ಅದನ್ನು ಬೋರಲು ಹಾಕಿ ಗುಡ್ಡ ಮಾಡಿದ್ದಿರಿ. ನನ್ನ ನೀಲಿ ಕುಪ್ಪಸದ ಖಣ ಹೊಳೆಯಾಗಿತ್ತು. ಪಲ್ಲವಿ ಗುಡ್ಡದ ಹಿಂದೆ ಫಿರಂಗಿ ಇಟ್ಟು, ಆಚೆ ಬದಿಯಲ್ಲಿದ್ದ ವಿನಯನ ಕುದುರೆಗಳಿಗೆ ಗುಂಡು ಹಾರಿಸಿದಳು.

“ಗುಡ್ಡದ ಹಿಂದ ಕುಂತು ಹೆಂಗ ಹೊಡಿತೀ? ಫಿರಂಗಿಗೇನು ಬುಟ್ಟಿ ತೂರಿ ಕಾಣ್ತದೇನು?” ಎಂದ ವಿನಯ.

“ನನ್ನ ದಳಪತಿ ಗುಡ್ಡದ ಮ್ಯಾಲ ನಿಂತಾನ. ಅವಂಗ ಕಾಣ್ತದ, ಅವ ಹೇಳ್ತಾನ.”

“ಅಷ್ಟು ಮ್ಯಾಲಿಂದ? ಮೊಬೈಲ್ ಹಚ್ಚಿದ್ನಾ ಅವ?”

ಪುಸ್ತಕ ತೆರೆದರೆ, ಕಂಡದ್ದಕ್ಕೆ ಹೊಡೆಯಬಹುದು ಎಂದಿತ್ತಂತೆ. ಯಾರಿಗೆ ಕಂಡದ್ದು ಎಂದಿರಲಿಲ್ಲ. ದಳಪತಿಯ ಅಪ್ಪಣೆ ಇಷ್ಟು ದೂರ ನಡೆಯುತ್ತದೆ ಎಂದಿತ್ತಂತೆ. ಅದರಾಚೆ ಇರುವವರು ಏನು ಮಾಡಬೇಕೆಂದಿರಲಿಲ್ಲ. ಬರೆದವನಿಗೆ ಮೊಮ್ಮಕ್ಕಳಿದ್ದ ಹಾಗೆ ಕಾಣಲಿಲ್ಲ. ಪಲ್ಲವಿ ಬಟ್ಟೆಗಳನ್ನು ಚೀಲಕ್ಕೆ ತುರುಕಿ, “ಸಂಜಿಕ ಅಪ್ಪ ಬಂದ್ರ ಹೊಂಟೆ. ಇನ್ನ ಈ ಮನಿಗೆ ಬರಂಗಿಲ್ಲ” ಎಂದಳು. “ಹೋಗಲೇ, ಬ್ಯಾಡ ಅಂದೋರ್ಯಾರು?” ಎಂದು ವಿನಯ ಕಿಟಕಿಗೆ ಮುಖ ಮಾಡಿದ. ಮನೆಯ ದೊಡ್ಡವರು ನಕ್ಕು, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಎಂದರು. ನನಗೆ ನಗು ಬರಲಿಲ್ಲ. ರಜೆಯಲ್ಲಿ ಮಾತು ಬಿಟ್ಟ ಮಕ್ಕಳು ದೊಡ್ಡವರಾಗಿ ಮದುವೆಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಉಪ್ಪು ಕೇಳಲೂ ಮುಖ ನೋಡದಿದ್ದುದನ್ನು ಕಂಡವಳು ನಾನು. ಸಂಜೆಯೊಳಗೆ ಈ ಫಿರಂಗಿಗೊಂದು ದಾರಿ ಕಾಣಿಸಿಯೇ ತೀರುವುದೆಂದು ಹಟ ಹಿಡಿದೆ.

ಅಪ್ಪಣೆಯ ವಿಷಯದಲ್ಲಿ ನನಗೆ ಅನುಭವವಿತ್ತು. ಕಂಪ್ಲಿ ಕಡೆಯವರಾದ ನಮ್ಮ ಮಾವನವರು ಸೊಸೆಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಪಡಸಾಲೆಯ ಕಂಬ ನೋಡಿಕೊಂಡು, “ಒಂದು ತಂಬಿಗಿ ನೀರು ಸಿಕ್ಕಿದ್ರ ಚೊಲೋ ಇತ್ತು” ಎನ್ನುವರು. ಕಂಬ ಅಲುಗದಿದ್ದಾಗ ಅತ್ತೆ ಆ ಮಾತನ್ನು ಒಳಗೆ ತರುವರು. ನಾನು ಕೈಯಲ್ಲಿದ್ದ ರೊಟ್ಟಿ ಮುಗಿಸಿ, ತಂಬಿಗೆ ತೊಳೆದು, ಸೆರಗು ಸರಿಮಾಡಿಕೊಂಡು ನೀರು ತರುವಷ್ಟರಲ್ಲಿ ಅವರು ಗದ್ದೆಗೆ ಹೊರಟುಹೋಗಿರುತ್ತಿದ್ದರು. ಖಾಲಿ ಕುರ್ಚಿಯ ಮುಂದೆ ಎಷ್ಟು ತಂಬಿಗೆ ನೀರಿಟ್ಟಿದ್ದೇನೋ! ದೂರದಿಂದ ಬಂದ ಅಪ್ಪಣೆಯ ಗತಿ ಏನೆಂದು ಯಾವ ಪುಸ್ತಕವೂ ನನಗೆ ಹೇಳಿಕೊಡಬೇಕಿರಲಿಲ್ಲ.

ಆದರೆ ಗುಂಡಿನ ವಿಷಯ ತಿಳಿದವರು ಪಲ್ಲವಿಯ ಅಪ್ಪ, ನಮ್ಮ ಅಳಿಯಂದಿರೇ. ಸಂಡೂರಿನ ಗಣಿಯಲ್ಲಿ ಬಂಡೆ ಸಿಡಿಸುವ ಉಸ್ತುವಾರಿ ಅವರದು. ತೊಂದರೆಯೆಂದರೆ, ನಮ್ಮಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಮದುವೆಯಾದಂದಿನಿಂದ ಅವರು ನನ್ನ ಸೆರಗಿನ ಅಂಚನ್ನು, ನಾನು ಅವರ ಚಪ್ಪಲಿಯನ್ನು ನೋಡಿ ಗುರುತು ಹಿಡಿಯುತ್ತಿದ್ದೆವು. ಸಂಜೆ ಜೀಪು ಬಂತು, ಚಪ್ಪಲಿ ಬಂದವು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಗಣಿಯಲ್ಲಿ ಕಾಣದ ಕಡೆ ಹೇಗೆ ಸಿಡಿಸುತ್ತಾರೆ ಎಂದು ಕೇಳಿ ಬರಲು ಪಲ್ಲವಿಯನ್ನು ಕಳಿಸಿದೆ.

ಅವಳು ಹೋಗಿ, “ಅಪ್ಪಾ, ಕಾಣಲಿಲ್ಲಂದ್ರೂ ಹೊಡಿಬಹುದು ಅಂತ ಅಜ್ಜಿ ಹೇಳ್ಯಾಳ. ಹೌದು ಅನ್ನು” ಎಂದಳು.

“ಹಂಗೆಲ್ಲ ಆಗಂಗಿಲ್ಲವ್ವ. ಗುಡ್ಡದ ಮ್ಯಾಲಿನವ ಎಲ್ಲಾ ನೋಡಿ ಬಾವುಟ ತೋರಿಸಬೇಕು. ಆಮ್ಯಾಲೆ ನಾವು ಕೆಳಗಿಂದ ಸಿಡಿಸ್ತೀವಿ.”

ಈ ಉತ್ತರ ಹೊತ್ತು ಓಡಿ ಬಂದವನು ವಿನಯ. “ಅಜ್ಜೀ, ಬಾವುಟ ಬೇಕೇ ಬೇಕಂತ. ನಮ್ಮ ಪೆಟ್ಟಿಗ್ಯಾಗ ಬಾವುಟ ಇಲ್ಲ. ಅಂದ್ರ ಹೊಡಿಯಂಗಿಲ್ಲ. ಮುಗೀತು!”

“ಸುಳ್ಳಾ!” ಎಂದು ಪಲ್ಲವಿ ಅಲ್ಲಿಂದಲೇ ಕಿರುಚಿ ಚೀಲ ಎತ್ತಿಕೊಂಡಳು. ಜೀಪಿನ ಕಡೆ ಅವಳ ಹೆಜ್ಜೆ ಕೇಳಿಸಿತು. ನನ್ನ ಕಾಲು ಹೇಗೆ ಹೊಸ್ತಿಲು ದಾಟಿದವೋ ನನಗೆ ಗೊತ್ತಿಲ್ಲ. ನೋಡಿದರೆ ಪಡಸಾಲೆಯ ನಡುವೆ ನಿಂತಿದ್ದೆ, ಕೈಯಲ್ಲಿ ಲಟ್ಟಣಿಗೆ ಬೇರೆ. ಅಳಿಯಂದಿರು ದಡಬಡಿಸಿ ಎದ್ದರು. ಬಸಿಯ ತುಂಬ ಚಹಾ ಚೆಲ್ಲಿತು.

“ಅತ್ತೀ! ಒಳಗ ಏನರ ಹತ್ಕೊಂಡತೇನ್ರಿ?”

“ಏನೂ ಹತ್ಕೊಂಡಿಲ್ಲ, ಕುಂದ್ರಿ” ಎಂದೆ. “ಬಾವುಟದವ ನಿಮಗ ಕಾಣಲಿಲ್ಲಂದ್ರ ಏನ್ ಮಾಡ್ತೀರಿ?”

ಅವರು ನಿಂತೇ ಉತ್ತರಿಸಿದರು: “ಒಬ್ಬನ್ನ ಓಡಿಸ್ತೀವ್ರಿ. ಅವ ಬಂದು ಹೇಳೋತನಕ ಸಿಡಿಸಂಗಿಲ್ರಿ.”

ಅಷ್ಟು ಸಾಕಾಗಿತ್ತು. ಪಲ್ಲವಿಯನ್ನು ಜೀಪಿನ ಹತ್ತಿರದಿಂದ ಕರೆದು ಕೂಡಿಸಿ, ಎಲ್ಲರ ಎದುರಿಗೇ ಹಾಳೆಯಲ್ಲಿ ಕಾನೂನು ಬರೆದೆ. ಫಿರಂಗಿಗೆ ಕಾಣದಿದ್ದರೂ, ಕಂಡವನೊಬ್ಬ ತಿಳಿಸಿದರೆ ಹೊಡೆಯಬಹುದು. ತಿಳಿಸುವವನು ಒಂದು ಗೇಣಿನೊಳಗಿದ್ದರೆ ಕೂಡಲೇ. ಗೇಣು ನನ್ನದು, ನಿಮ್ಮಿಬ್ಬರದೂ ಅಲ್ಲ. ದೂರವಿದ್ದರೆ ಒಬ್ಬ ಓಡಬೇಕು, ಗುಂಡು ಮುಂದಿನ ಸರದಿಗೆ. ಅಷ್ಟರಲ್ಲಿ ಶತ್ರು ಜಾಗ ಬಿಟ್ಟಿದ್ದರೆ ಗುಂಡು ಬರಿ ನೆಲಕ್ಕೆ, ಮಾವನವರ ತಂಬಿಗೆಯ ಹಾಗೆ. ಓಡುವವನು ಮಾತು ತಿರುಚುವಂತಿಲ್ಲ. ಕೊನೆಯದಾಗಿ, ದಳಪತಿ ತನ್ನವರಿಗೆ ಕಾಣುವಂತೆ ನಿಂತಿರಬೇಕು. ಮರೆಯಲ್ಲಿ ನಿಂತವನ ಅಪ್ಪಣೆ ನಡೆಯುವುದಿಲ್ಲ.

ವಿನಯ ಓದಿ, “ಹಂಗಾದ್ರ ಇಕಿ ಹೊಡಿಬಹುದು, ಆದ್ರ ಈಗಲ್ಲ” ಎಂದ. ಪಲ್ಲವಿ, “ಅಷ್ಟರಾಗ ನೀ ಓಡಿ ಹೋಗ್ತೀಯಲ್ಲ, ಹೇಡಿ!” ಎಂದಳು. ಮಾತು ಶುರುವಾಗಿತ್ತು. ಚೀಲ ಕೋಣೆಗೆ ಮರಳಿತು, ಜೀಪು ಖಾಲಿಯೇ ಹೋಗುವುದೆಂದಾಯಿತು.

ಹೊರಡುವ ಮೊದಲು ಅಳಿಯಂದಿರು, “ಕಾನೂನು ಮಾಡಿದೋರು ಒಂದಾಟ ಆಡ್ಬೇಕ್ರಿ” ಎಂದರು. ಆಡಿದೆ. ನೀವಿಬ್ಬರೂ ಒಂದು ಕಡೆ, ನಾನೊಬ್ಬಳೇ ಇನ್ನೊಂದು ಕಡೆ. ನನ್ನ ಫಿರಂಗಿಗಳು ಸಿಡಿಯಲಿಲ್ಲ, ಕುದುರೆಗಳು ಕದಲಲಿಲ್ಲ. ವಿನಯ ಬುಟ್ಟಿಯ ಹಿಂದೆ ಇಣುಕಿ, “ಲೇ ಪಲ್ಲವೀ, ಅಜ್ಜಿ ದಳಪತಿ ಇಲ್ಲಿ ಅಡಗ್ಯಾನ! ನಾಚಿಕಿ ಬಂದತಿ ಅವಂಗ!” ಎಂದು ಕೂಗಿದ. ನನ್ನ ಕೈ ರೂಢಿಯಂತೆ ದಳಪತಿಯನ್ನು ಮರೆಯಲ್ಲೇ ನಿಲ್ಲಿಸಿತ್ತು. ನನ್ನದೇ ಕೊನೆಯ ಕಾನೂನಿಗೆ ನನ್ನ ಸೈನ್ಯವೆಲ್ಲ ಬಲಿಯಾಯಿತು.

ಈ ಹಾಳೆಗಳನ್ನು ಅದೇ ಪೆಟ್ಟಿಗೆಯಲ್ಲಿ, ಕೆಂಪು ದೂಳು ತಾಗದ ಹಾಗೆ ಜೋಪಾನವಾಗಿಡಿ. ನಿಮಗೆ ಬೇಕಾದಾಗ ತೆಗೆಯಿರಿ. ಆಗಾಗ ಆ ಕೊನೆಯ ಕಾನೂನನ್ನು ನನಗೂ ಓದಿ ಹೇಳಿ. ಮೊನ್ನೆ ಅಳಿಯಂದಿರು ಬಂದಾಗ, ಇನ್ನೊಂದು ಕಪ್ ಚಹಾ ಬೇಕೇ ಎಂದು ನಾನು ಕೇಳಿದ್ದು ಮಾವನವರ ಹಾಗೆ ಕಂಬವನ್ನು.