ಏದುಸಿರಿನ ರಿಹರ್ಸಲ್

ಲೈಬ್ರರಿಯನ್ ಸಾಹೇಬರ ದೂರು ಇಷ್ಟೇ: ಹೆಂಡತಿ ಬೇರೆ ಯಾವ ಕೆಲಸದಲ್ಲಾದರೂ ಇರಲಿ, ಉಸಿರಾಟ ಕಲಿಸುವ ಕೆಲಸದಲ್ಲಿ ಮಾತ್ರ ಇರಬಾರದು. ಬೇರೆಯವರ ಮನೆಯಲ್ಲಿ ಗಂಡ ಉಸಿರಾಡುತ್ತಿದ್ದರೆ ಸಾಕು. ಇವರ ಮನೆಯಲ್ಲಿ ಹೇಗೆ ಉಸಿರಾಡಿದರು ಎಂಬುದಕ್ಕೂ ಜವಾಬು ಕೊಡಬೇಕು.

ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಆಪರೇಷನ್ ಆದವರಿಂದ ಉಸಿರು ಎಳೆಸಿ, ಬಿಡಿಸಿ ಮನೆಗೆ ಕಳಿಸುವುದು ಅವಳ ವೃತ್ತಿ. ಒಂದು ಸಂಜೆ, ಕಿಟಕಿ ಪಕ್ಕದ ಆರಾಮಕುರ್ಚಿಯಲ್ಲಿ ಪವಡಿಸಿದ್ದ ಪತಿದೇವರ ಹೊಟ್ಟೆಯನ್ನು ನೋಡಿ ತೀರ್ಪು ಕೊಟ್ಟೇಬಿಟ್ಟಳು.

"ನಾಳೆಯಿಂದ ಬೆಳಿಗ್ಗೆ ಓಡ್ಬೇಕು. ಓಡಿಲ್ಲ ಅಂತ ಗೊತ್ತಾಯ್ತೋ, ಈ ಕುರ್ಚಿ ನನ್ನ ತಮ್ಮನ ಮನೆಗೆ."

ಸಾಹೇಬರು ಕುರ್ಚಿಯ ಎರಡೂ ತೋಳುಗಳನ್ನು ಭದ್ರವಾಗಿ ಹಿಡಿದುಕೊಂಡರು. ಆ ಕುರ್ಚಿಯ ಗುಳಿಗೂ ಅವರ ಬೆನ್ನಿಗೂ ಎಷ್ಟೋ ವರ್ಷಗಳ ದಾಂಪತ್ಯ. (ಇನ್ನೊಂದು ದಾಂಪತ್ಯಕ್ಕಿಂತ ಇದರಲ್ಲಿ ಮಾತು ಕಡಿಮೆ, ಹೊಂದಾಣಿಕೆ ಹೆಚ್ಚು.)

ಮರುದಿನ ಬೂಟು ಬಿಗಿದು ಹೊರಟವರು ನೆಲಮಾಳಿಗೆಗೆ ಇಳಿದು, ತಮ್ಮದೇ ಸ್ಕೂಟರಿನ ಮೇಲೆ ಕೂತು ಪೇಪರು ಓದಿದರು. ಆಮೇಲೆ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಬಂದು, ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು.

"ಇದೇನ್ರೀ, ಬರೀ ಭುಜ ಕುಣೀತಿದೆ? ಓಡಿ ಬಂದೋರಿಗೆ ಕತ್ತು, ಹೊಟ್ಟೆ ಎಲ್ಲಾ ದುಡಿಯುತ್ತೆ."

"ಮೊದಲ್ನೇ ದಿನ ಅಲ್ವಾ, ನಿಧಾನಕ್ಕೆ ಓಡ್ದೆ."

ಲೈಬ್ರರಿಗೆ ಹೋದವರೇ ಶರೀರಶಾಸ್ತ್ರದ ದಪ್ಪ ಪುಸ್ತಕ ಇಳಿಸಿಕೊಂಡರು. ಸುಮ್ಮನೆ ಕೂತಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಗಾಳಿ ಒಳಗೆ ಬರುತ್ತದೆ. ಉಸಿರು ಬಿಡಲು ಯಾರೂ ಶ್ರಮಪಡಬೇಕಿಲ್ಲ. ಸ್ನಾಯುಗಳು ಸಡಿಲಾದರೆ ಸಾಕು, ಗಾಳಿ ತಾನೇ ಹೊರಡುತ್ತದೆ. ಅಂದರೆ ಉಸಿರಾಟದಲ್ಲಿ ಅರ್ಧ ಭಾಗ ವಿಶ್ರಾಂತಿಯೇ! ತಮ್ಮ ಜೀವನಸಿದ್ಧಾಂತಕ್ಕೆ ಪ್ರಕೃತಿಯ ಮುದ್ರೆ ಬಿದ್ದದ್ದು ಕಂಡು ಸಾಹೇಬರ ಕಣ್ಣು ತುಂಬಿ ಬಂತು. ಓಡುವಾಗ ಮಾತ್ರ ಶುದ್ಧ ಅನ್ಯಾಯ. ಕತ್ತಿನ ಸ್ನಾಯುಗಳೂ ಸೇರಿ ಎದೆಗೂಡನ್ನು ಮೇಲಕ್ಕೆ ಜಗ್ಗಬೇಕು, ಹೊಟ್ಟೆಯ ಸ್ನಾಯುಗಳು ಬಿಗಿದು ವಪೆಯನ್ನು ಮೇಲೆ ನೂಕಿ ಗಾಳಿಯನ್ನು ಹೊರದಬ್ಬಬೇಕು.

ಕಪಾಟುಗಳ ಸಂದಿಯಲ್ಲಿ ಅಭ್ಯಾಸ ಶುರುವಾಯಿತು. ಕಾದಂಬರಿ ಹುಡುಕುತ್ತಿದ್ದ ಅಜ್ಜಿಯೊಬ್ಬರು ಗಾಬರಿಯಾಗಿ, "ಯಾರನ್ನಾದ್ರೂ ಕರೀಲೇನಪ್ಪಾ?" ಎಂದರು.

"ಬೇಡಮ್ಮ, ರಿಹರ್ಸಲ್ಲು."

ಅಂದಿನಿಂದ ಪ್ರದರ್ಶನ ಅಮೋಘ. ಕತ್ತು ಉಬ್ಬುತ್ತಿತ್ತು, ಹೊಟ್ಟೆ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. "ಪಾರ್ಕಲ್ಲಿ... ನಾಯಿ... ಅಟ್ಟಿಸ್ಕೊಂಡು ಬಂತು..." ಎಂದು ಕಥೆ ಹೇಳಿ, ಅವಳು ಕೊಟ್ಟ ನೀರನ್ನು ಗಟಗಟನೆ ಕುಡಿದು ಕುರ್ಚಿಗೆ ಒರಗುತ್ತಿದ್ದರು. ಅವಳು ಒಮ್ಮೊಮ್ಮೆ ಹುಬ್ಬು ಗಂಟಿಕ್ಕುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ಪೇಪರಿನ ಆಚೆಯಿಂದ ದನಿ ಕೇಳಿತು.

"ಏನ್ ಭಾವ, ಸ್ಕೂಟರ್ ಮೇಲೇ ಓಟಾನಾ?"

ಹೆಂಡತಿಯ ತಮ್ಮ! ಸಾಹೇಬರ ಜಂಘಾಬಲವೇ ಉಡುಗಿತು. ಬಾಯಿಗೆ ಮಾತು ಬರುವಷ್ಟರಲ್ಲಿ ಅವನು ನಗುತ್ತಾ ಲಿಫ್ಟ್ ಹೊಕ್ಕ, ಬಾಗಿಲು ಮುಚ್ಚಿತು. ಅವನು ಬಾಯಿಬಿಟ್ಟರೆ ಕುರ್ಚಿ ಅವನಿಗೇ. ಉಡುಗಿದ ಜಂಘಾಬಲ ಎಲ್ಲಿತ್ತೋ, ಓಡಿ ಬಂತು. ಸಾಹೇಬರು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾ, ಕಂಬಿ ಹಿಡಿದು ತಿರುಗುತ್ತಾ ನಾಲ್ಕನೇ ಮಹಡಿ ಮುಟ್ಟುವುದಕ್ಕೂ ಲಿಫ್ಟ್ ತೆರೆಯುವುದಕ್ಕೂ ಸರಿಹೋಯಿತು.

ಹೆಂಡತಿ ಬಾಗಿಲು ತೆರೆದಳು. ಭಾಮೈದನೇ ಮೊದಲು ಬಾಯಿ ಹಾಕಿದ.

"ಭಾವ ಬಲು ಗಟ್ಟಿಗರು ಕಣಕ್ಕಾ! ಬರ್ತಾ ದಾರೀಲಿ ನೋಡ್ದೆ, ಕುದುರೆ ಥರ ಓಡ್ತಿದ್ರು. ದಿನಾ ಹಿಂಗೇನಾ?"

ಆ ಬಂಗಾರದಂಥ ಹುಡುಗನನ್ನು ಇಷ್ಟು ವರ್ಷ ಅನ್ಯಾಯವಾಗಿ ಶಪಿಸಿದೆನಲ್ಲ ಎಂದು ಸಾಹೇಬರ ಮನಸ್ಸು ಕರಗಿತು. ಹೌದು ಎನ್ನಲು ಬಾಯಿ ತೆರೆದರು. ಮಾತು ಬರಲಿಲ್ಲ. ಮಂಡಿಯ ಮೇಲೆ ಕೈಯೂರಿ ಬಗ್ಗಿದರು. ಅವಳು ನೀರು ಕೊಟ್ಟರೆ, ನುಂಗುವುದಕ್ಕೂ ಉಸಿರು ಬಿಡುವು ಕೊಡದೆ ಅರ್ಧ ನೀರು ಅಂಗಿಯ ಮೇಲಾಯಿತು.

ಅವಳು ಗಡಿಯಾರ ನೋಡುತ್ತಾ ನಿಂತಳು. ಎಷ್ಟು ಹೊತ್ತಾದರೂ ಏದುಸಿರು ಇಳಿಯಲಿಲ್ಲ.

"ಅಂತೂ ಓಡಿದ್ರಿ," ಎಂದಳು. "ನಿಜವಾಗ್ಲೂ ಓಡಿದ್ರಿ."

ಸಾಹೇಬರು ತಲೆಯಾಡಿಸಿದರು.

"ಓಡಿದ್ರೆ ಹೀಗಿರುತ್ತೆ ನೋಡಿ. ಮಾತೂ ಇಲ್ಲ, ನಾಯೀನೂ ಇಲ್ಲ. ಹಾಗಾದ್ರೆ ಇಷ್ಟು ದಿನ ನೀವು ಮಾಡಿದ್ದೇನು?"

ವಾದಿಸಲು ಸಾಹೇಬರ ಹತ್ತಿರ ಭರ್ತಿ ಕಾರಣಗಳಿದ್ದವು. ಗಾಳಿ ಇರಲಿಲ್ಲ.

ಅಕ್ಕ ಕುರ್ಚಿ ತೋರಿಸಿದಳು. ತಮ್ಮ ಬೇಡವೆಂದು ಬಾಯಲ್ಲಿ ಹೇಳುತ್ತಲೇ ಅದರ ಅಳತೆ ನೋಡಿದ.

"ಲಿಫ್ಟಲ್ಲಿ ಹಿಡಿಯಲ್ಲ ಅಕ್ಕ. ಮೆಟ್ಟಿಲ ಮೇಲೇ ಇಳಿಸ್ಬೇಕು. ಒಬ್ಬನ ಕೈಲಿ ಆಗಲ್ಲ."

"ನಿನ್ನ ಭಾವ ಇದ್ದಾರಲ್ಲ. ಕತ್ತು, ಹೊಟ್ಟೆ ಎಲ್ಲಾ ಬಿಸಿಯಾಗಿದೆ. ಆರೋಕೆ ಮುಂಚೆ ಆ ಕಡೆ ಹಿಡಿಸು."