ಸಮುದ್ರ ನೋಡಿದವರೇ ಮೊದಲು ಎಂಬ ನಿಯಮದ ಕುರಿತು

ಹಾಯಿದೋಣಿ ಆಟದ ನಿಯಮಪುಸ್ತಿಕೆಯನ್ನು ದಯಪಾಲಿಸಿದ ಮಾನ್ಯರೇ,

ಬೆಳಕೆಯಿಂದ ವೀಣಾ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಪೆಟ್ಟಿಗೆಯೂ ಕ್ಷೇಮ, ದೋಣಿಗಳಿಗೆ ಸುತ್ತಿದ ಪ್ಲಾಸ್ಟಿಕ್ ಕೂಡ ಇನ್ನೂ ಬಿಚ್ಚಿಲ್ಲ. ಅದೇ ನನ್ನ ದೂರು.

ನನ್ನ ಯಜಮಾನರಾದ ಪ್ರಕಾಶ ಮತ್ತು ಕುಮಟೆಯಲ್ಲಿರುವ ಅವರ ಅಕ್ಕ ಸುಪ್ರಿಯಾ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಮ್ಮ ಗೃಹಪ್ರವೇಶದ ಮೊದಲ ಕರೆ ರೂಢಿಯಂತೆ ಮನೆಮಗಳಿಗೆ ಹೋಗಬೇಕಿತ್ತು. ಇವರು ದಾರಿಯಲ್ಲಿ ಸಿಕ್ಕ ಹೆಬಳೆಯ ಸೋಮನ ಕೈಗೆ ಮೊದಲ ಆಮಂತ್ರಣದ ಕಾಗದ ಕೊಟ್ಟರು, ಆ ಸುದ್ದಿ ಅಕ್ಕನ ಕಾಗದಕ್ಕಿಂತ ಮುಂಚೆ ಕುಮಟೆ ಮುಟ್ಟಿತು. ಅಂದಿನಿಂದ, ಮೊದಲು ಯಾರು ಮಾತಾಡಬೇಕು ಎಂಬುದೇ ತಗಾದೆ. ಈಚೆಗೆ ಅತ್ತೆಯವರನ್ನು ನೋಡಲು ಅಕ್ಕ ಬಂದಾಗ, ಒಂದು ಹಲಗೆಯ ಎದುರು ಕೂರಿಸಿದರೆ 'ಈಗ ನಿನ್ನ ಆಟ' ಎಂದಾದರೂ ಬಾಯಿ ಬಿಟ್ಟಾರು ಎಂಬ ಆಸೆಯಿಂದ ಹೊನ್ನಾವರ ಪೇಟೆಯಿಂದ ತಮ್ಮ ಆಟ ತಂದೆ.

ಸರದಿ ನಿರ್ಧರಿಸಲು ಲೋಕದಲ್ಲಿ ದಾಳವಿದೆ, ಕವಡೆಯಿದೆ, ಚೀಟಿಯಿದೆ. ತಾವು ಅವನ್ನೆಲ್ಲ ಕೀಳೆಂದು ಬಗೆದು, 'ತೀರ ಇತ್ತೀಚೆಗೆ ಸಮುದ್ರ ನೋಡಿದವರು ಮೊದಲು ಆಡತಕ್ಕದ್ದು' ಎಂದು ಅಪ್ಪಣೆ ಕೊಡಿಸಿದಿರಿ. ಧನ್ಯರಾದೆವು. ತಮ್ಮೂರಿನಲ್ಲಿ ಸಮುದ್ರವೆಂದರೆ ವರ್ಷಕ್ಕೊಮ್ಮೆ ನೋಡುವ ವಸ್ತುವಿರಬಹುದು. ನಮಗೆ ಬಟ್ಟೆ ಒಣಹಾಕಲು ಹೋದರೂ ಕಾಣುತ್ತದೆ. ಅಕ್ಕ ಕಿಟಕಿಯಿಂದ ಇಣುಕಿ ಬಂದರು. ಇವರು ತಾರಸಿ ಹತ್ತಿ ಇಳಿದರು. "ಅಮ್ಮ, ಅವನಿಗೆ ಹೇಳು, ನಾ ಈಗಷ್ಟೇ ಮತ್ತೆ ನೋಡಿದೆ" ಎಂದು ಅಕ್ಕ ಅತ್ತೆಗೆ ಹೇಳಿದರು. ಕಡೆಗೆ ಇಬ್ಬರೂ ದಂಡೆಗೇ ನಡೆದರು. ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ನಾನು ಹಿಂದೆ. ಅಲ್ಲಿ ಮೊದಲು ಬೆನ್ನು ತಿರುಗಿಸಿದವರು ಸೋತಂತಲ್ಲವೇ, ಆದ್ದರಿಂದ ಒಂದು ತಾಸು ಇಬ್ಬರೂ ಕಡಲನ್ನೇ ದುರುಗುಟ್ಟಿಕೊಂಡು ನಿಂತರು. ಬಲೆ ಸರಿಮಾಡುತ್ತಿದ್ದ ದುರ್ಗ ಇದು ಯಾವುದೋ ಹರಕೆಯೆಂದು ತಿಳಿದು ಬಲೆಯನ್ನು ಆಚೆ ಸರಿಸಿಕೊಂಡ.

ಅಷ್ಟರಲ್ಲಿ ಭರತದ ನೀರು ಏರಿ, ಅಕ್ಕ ಬಿಚ್ಚಿಟ್ಟಿದ್ದ ಚಪ್ಪಲಿಯಲ್ಲಿ ಒಂದನ್ನು ಎಳೆದುಕೊಂಡು ಹೋಯಿತು. "ಅಕ್ಕ, ಚಪ್ಲಿ ಹೋತು" ಎಂದರು ಇವರು. ನನಗೆ ಕಣ್ಣು ತುಂಬಿ ಬಂತು. ಅಕ್ಕ ಚಪ್ಪಲಿಯ ಕಡೆ ನೋಡಲೂ ಇಲ್ಲ; "ಮೊದ್ಲು ಮಾತಾಡಿದ್ದು ನೀನು, ಆತಲ್ಲ?" ಎಂದರು. "ನಾ ಹೇಳಿದ್ದು ಚಪ್ಲಿ ಸುದ್ದಿ. ಅದು ಎಂತ ಮಾತು?" ಎಂದರು ಇವರು.

ಆ ವಾದಕ್ಕೆ ಇಂದು ಒಂಬತ್ತನೆಯ ದಿನ. ಮರುದಿನವೇ ಹೊರಡಬೇಕಿದ್ದ ಅಕ್ಕ ಹೊರಟಿಲ್ಲ. ಎರಡು ವರ್ಷ ಕಟ್ಟಿಟ್ಟ ಮಾತೆಲ್ಲ ಹೊರಬರುತ್ತಿದೆ, ಅದಕ್ಕಾಗಿ ನಾನು ತಮಗೆ ಋಣಿ; ಆದರೆ ಮೀನಿನ ಮೊದಲ ತುಂಡನ್ನು ಯಾರ ತಟ್ಟೆಗೆ ಬಡಿಸಲಿ ಎಂದು ತಿಳಿಯದೆ ದಿನವೂ ಸೌಟು ಹಿಡಿದು ನಿಲ್ಲುತ್ತೇನೆ. ಆದ್ದರಿಂದ ಬೆಳಕೆಯಿಂದ ಕುಮಟೆಯವರೆಗೆ ಕಡಲನ್ನು ಮುಚ್ಚುವಷ್ಟು ಉದ್ದದ ಪರದೆಯೊಂದನ್ನು ಮಡಚಿ ಮುಂದಿನ ಪೆಟ್ಟಿಗೆಗಳಲ್ಲಿ ಸೇರಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಒಂದು ಸರದಿಯೂ ಸಿಗದ ವೀಣಾ

ವಿ.ಸೂ.: ಉಳಿದಿರುವ ಒಂಟಿ ಚಪ್ಪಲಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಕಚೇರಿಯಲ್ಲಿ ತೀರ ಇತ್ತೀಚೆಗೆ ಸಮುದ್ರ ನೋಡಿದವರು ಅದನ್ನು ಮೊದಲು ಸ್ವೀಕರಿಸತಕ್ಕದ್ದು.